ವೆಬ್‌ಸೈಟ್‌ಗೆ ಜನ ಬರುತ್ತಾರೆ, ಕಾಫಿಪುಡಿ ಯಾಕೆ ಕೊಳ್ಳುತ್ತಿಲ್ಲ?

ನಿಮ್ಮ ಪ್ರಶ್ನೆ ಇದು: ಮೂಡಿಗೆರೆ ಹತ್ತಿರ ಸ್ವಂತ ತೋಟ ಇದೆ, ಕಾಫಿಪುಡಿ ಮಾರಲು ವೆಬ್‌ಸೈಟ್ ಮಾಡಿಸಿದ್ದೀರಿ. ದಿನಕ್ಕೆ ನೂರಿನ್ನೂರು ಜನ ಬಂದು ನೋಡುತ್ತಾರೆ, ಆರ್ಡರ್ ಮಾತ್ರ ವಾರಕ್ಕೆ ಒಂದೋ ಎರಡೋ. ಇನ್ನಷ್ಟು ಆಡ್ ಹಾಕಬೇಕಾ ಅಂತ ಕೇಳಿದ್ದೀರಿ.

ಬೇಡ. ಈಗ ಬರುತ್ತಿರುವವರೇ ಕೊಳ್ಳದೆ ಹೋಗುತ್ತಿದ್ದಾರೆ. ದುಡ್ಡು ಕೊಟ್ಟು ಇನ್ನಷ್ಟು ಜನರನ್ನು ಕರೆಸಿದರೆ ಅವರೂ ಹಾಗೇ ಹೋಗುತ್ತಾರೆ. ನಾನು ಹಾಸನದಲ್ಲಿ ಇದ್ದುಕೊಂಡು ಹೋಂಸ್ಟೇ, ಕಾಫಿ, ಕಾಳುಮೆಣಸು, ಜೇನುತುಪ್ಪದ ವ್ಯಾಪಾರ ಮಾಡುವವರ ವೆಬ್‌ಸೈಟ್ ಕೆಲಸ ನೋಡಿಕೊಳ್ಳುತ್ತೇನೆ. ಹೆಚ್ಚಿನ ಕಡೆ ನನಗೆ ಕಾಣುವ ತೊಂದರೆ ಒಂದೇ. ಬಂದವರ ತಲೆಯಲ್ಲಿ ಒಂದು ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ಪುಟದಲ್ಲಿ ಇರುವುದಿಲ್ಲ. ಫೋನ್ ಮಾಡಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಸುಮ್ನೆ ಹೊರಟುಹೋಗುತ್ತಾರೆ.

ಮೊದಲು, ಬರುತ್ತಿರುವವರು ಯಾರು ಅಂತ ನೋಡಿ. ಗೂಗಲ್ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತದೆ. ಜನ ಏನು ಹುಡುಕಿ ನಿಮ್ಮಲ್ಲಿಗೆ ಬಂದರು ಅನ್ನುವ ಪಟ್ಟಿ ಅದರಲ್ಲಿ ಇರುತ್ತದೆ. ನಮ್ಮ ಕಡೆಯ ಕಾಫಿ ವೆಬ್‌ಸೈಟ್‌ಗಳಲ್ಲಿ ಸಾಮಾನ್ಯವಾಗಿ ಮುಳ್ಳಯ್ಯನಗಿರಿ, ಬಾಬಾ ಬುಡನ್ ಗಿರಿ ಬಗ್ಗೆ ಒಂದೊಂದು ಲೇಖನ ಇರುತ್ತದೆ. ಮುಳ್ಳಯ್ಯನಗಿರಿ ಎಷ್ಟು ಎತ್ತರ ಅಂತ ಹುಡುಕಿದವರು ಬರುತ್ತಾರೆ, 1,930 ಮೀಟರ್ ಅಂತ ಓದುತ್ತಾರೆ, ಹೋಗುತ್ತಾರೆ. ಅವರು ಪುಡಿ ಕೊಳ್ಳಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥ ಇಲ್ಲ. 'ಚಿಕೋರಿ ಇಲ್ಲದ ಕಾಫಿಪುಡಿ', 'ಫಿಲ್ಟರ್ ಕಾಫಿಪುಡಿ ಅರ್ಧ ಕೆಜಿ ರೇಟು' ಅಂತ ಹುಡುಕಿದವರು ಎಷ್ಟು ಜನ? ಅವರೇ ನಿಮ್ಮ ಗಿರಾಕಿಗಳು. ಅಂಥವರು ನೂರು ಜನ ಬಂದು ಇಬ್ಬರು ಮೂವರು ಕೊಂಡರೂ ಅದು ಕೆಟ್ಟ ವ್ಯಾಪಾರ ಅಲ್ಲ.

ಈಗ ಪುಡಿಯ ಪುಟಕ್ಕೆ ಬರೋಣ. ನಾನು ಜಾಸ್ತಿ ಹೇಳಬೇಕಾದ್ದು ಇದರ ಬಗ್ಗೆಯೇ. ಚಿಕ್ಕಮಗಳೂರಿಗೆ ಹೋದಾಗ ಯಾವುದಾದರೂ ಪುಡಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತು ಮಾತು ಕೇಳಿಸಿಕೊಳ್ಳಿ. 'ಪ್ಯೂರ್ ಬೇಕಾ, ಚಿಕೋರಿ ಹಾಕಲಾ?' 'ಎಂಬತ್ತು ಇಪ್ಪತ್ತು ಹಾಕಿ.' 'ಪೀಬೆರಿ ಇದೆಯಾ?' 'ಯಾವಾಗ ಹುರಿದಿದ್ದು?' 'ಫಿಲ್ಟರ್‌ಗೆ ತಾನೇ?' (ಪೀಬೆರಿ ಅಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೆಳೆಯುವ ದುಂಡು ಬೀಜ.) ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಯುತ್ತದೆ. ಆ ಎರಡು ನಿಮಿಷದ ಮಾತು ಅಷ್ಟೂ ನಿಮ್ಮ ಪುಟದಲ್ಲಿ ಇರಬೇಕು, ಅದೂ ಫೋಟೋದ ಪಕ್ಕದಲ್ಲೇ.

ತೋಟದವರು ಬರೆಸುವ ಪುಟದಲ್ಲಿ ಏನಿರುತ್ತದೆ? ಎಸ್.795 ತಳಿ, ಮರದ ನೆರಳಲ್ಲಿ ಬೆಳೆದದ್ದು, ಸಮುದ್ರ ಮಟ್ಟದಿಂದ ಇಷ್ಟು ಅಡಿ. ಇದೆಲ್ಲ ನಿಜ, ಹೆಮ್ಮೆಯ ವಿಷಯವೂ ಹೌದು. ಬೀಜ ತರಿಸಿಕೊಂಡು ಮನೆಯಲ್ಲೇ ಪುಡಿ ಮಾಡಿ, ಹಾಲಿಲ್ಲದೆ ಕುಡಿಯುವವರು ಇದನ್ನು ಓದುತ್ತಾರೆ. ಆದರೆ ಬೆಳಿಗ್ಗೆ ಎದ್ದ ತಕ್ಷಣ ಫಿಲ್ಟರ್‌ಗೆ ಬಿಸಿನೀರು ಹಾಕುವ ಮನೆಯವರಿಗೆ ಬೇಕಾದ್ದು ಬೇರೆ. ಅವರಿಗಾಗಿ ಹೀಗೆ ಬರೆಯಿರಿ:

'ಫಿಲ್ಟರ್ ಕಾಫಿಪುಡಿ, ಅರ್ಧ ಕೆಜಿ. ಕಾಫಿ 80, ಚಿಕೋರಿ 20. ಕಾಫಿಯಲ್ಲಿ ಮುಕ್ಕಾಲು ಪಾಲು ಅರೇಬಿಕಾ ಪ್ಲಾಂಟೇಶನ್ ಎ, ಕಾಲು ಪಾಲು ರೊಬಸ್ಟಾ ಪೀಬೆರಿ. ಡಿಕಾಕ್ಷನ್ ಗಟ್ಟಿಯಾಗಿ ಬರುತ್ತದೆ, ಹಾಲು ಹಾಕಿ ಕುಡಿಯುವವರಿಗೆ ಒಪ್ಪುತ್ತದೆ. ಸೋಮವಾರ ಹುರಿದು ಪುಡಿ ಮಾಡುತ್ತೇವೆ, ಮಂಗಳವಾರ ಕಳಿಸುತ್ತೇವೆ. ಬೆಂಗಳೂರು, ಮೈಸೂರಿಗೆ ಗುರುವಾರದ ಒಳಗೆ ತಲುಪುತ್ತದೆ. ಕೊರಿಯರ್ ಸೇರಿ ಒಟ್ಟು ಇಷ್ಟು ರೂಪಾಯಿ.'

ಪ್ಲಾಂಟೇಶನ್ ಎ ಅಂದರೆ ತೊಳೆದು ಒಣಗಿಸಿದ ಅರೇಬಿಕಾದಲ್ಲಿ ದಪ್ಪ ಬೀಜದ ದರ್ಜೆ. ಪಾಲು, ವಾರ ಎಲ್ಲ ನಿಮ್ಮ ಲೆಕ್ಕಕ್ಕೆ ಬದಲಾಯಿಸಿಕೊಳ್ಳಿ. ನಿಜಕ್ಕೂ ಗುರುವಾರ ತಲುಪುತ್ತದೆ ಅಂದರೆ ಮಾತ್ರ ಗುರುವಾರ ಅಂತ ಬರೆಯಿರಿ.

ರೇಟಿನ ವಿಷಯ ಇನ್ನೊಂದು. ನಿಮ್ಮ ಪುಡಿ ಸೂಪರ್ ಮಾರ್ಕೆಟ್ ಪುಡಿಗಿಂತ ದುಬಾರಿ ಇರುತ್ತದೆ, ನೋಡಿದವರು ಮನಸ್ಸಲ್ಲೇ ಹೋಲಿಸುತ್ತಾರೆ. ಅವರಿಗೆ ಕಾರಣ ಹೇಳಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡ 51 ಇದ್ದರೆ ಸಾಕು ಅಂತ ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದರೆ ಪ್ಯಾಕೆಟ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಚಿಕೋರಿ ಇರಬಹುದು, ಅದು ತಪ್ಪಲ್ಲ. ಎಷ್ಟು ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. 'ಈಗ ಕುಡಿಯುತ್ತಿರುವ ಪುಡಿಯ ಪ್ಯಾಕೆಟ್ ತಿರುಗಿಸಿ ಚಿಕೋರಿ ಎಷ್ಟಿದೆ ನೋಡಿ, ನಮ್ಮದರಲ್ಲಿ ಇಪ್ಪತ್ತು' ಅಂತ ಒಂದು ಸಾಲು ಹಾಕಿ. ಯಾರನ್ನೂ ಬೈದ ಹಾಗಾಗುವುದಿಲ್ಲ. ಹೆಚ್ಚಿಗೆ ಕೊಡುವ ದುಡ್ಡು ಯಾವುದಕ್ಕೆ ಅಂತ ಗಿರಾಕಿಗೆ ತಾನಾಗಿಯೇ ಗೊತ್ತಾಗುತ್ತದೆ. ಅಷ್ಟಾದರೂ ಅನುಮಾನ ಇರುವವರಿಗೆ ನೂರು ಗ್ರಾಂ ಪ್ಯಾಕೆಟ್ ಇಡಿ. ರುಚಿ ನೋಡದ ಪುಡಿಯನ್ನು ಒಂದು ಕೆಜಿ ಯಾರು ತರಿಸುತ್ತಾರೆ, ಅಲ್ವಾ?

ಜನರ ಪ್ರಶ್ನೆ ಯಾವುದು ಅಂತ ನೀವು ಊಹೆ ಮಾಡಬೇಕಾಗಿಲ್ಲ. ನಿಮ್ಮ ವಾಟ್ಸಾಪ್ ತೆಗೆದು, ಕೇಳಿ ಕೊಳ್ಳದೆ ಹೋದವರ ಮೆಸೇಜ್‌ಗಳನ್ನು ಓದಿ. ಸಕಲೇಶಪುರ ಕಡೆಯ ಒಂದು ಹೋಂಸ್ಟೇಯವರಿಗೆ ನಾನು ಮೊದಲು ಮಾಡಿಸಿದ ಕೆಲಸ ಇದೇ. ಅವರಿಗೆ ದಿನವಿಡೀ ಫೋನ್ ಬರುತ್ತಿತ್ತು, ಬುಕಿಂಗ್ ಮಾತ್ರ ಕಡಿಮೆ. ಮೆಸೇಜ್ ಎಲ್ಲ ಓದಿದಾಗ ಮತ್ತೆ ಮತ್ತೆ ಅವೇ ಪ್ರಶ್ನೆಗಳು. ನಮ್ಮ ಕಾರು ಮನೆಯವರೆಗೂ ಬರುತ್ತದಾ, ಜೀಪ್ ಬೇಕಾ? ರೇಟು ಒಬ್ಬರಿಗಾ, ರೂಮಿಗಾ? ಊಟ ಸೇರಿದೆಯಾ? ಯಾವ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ? ವಯಸ್ಸಾದವರು ಬರುತ್ತಾರೆ, ಮೆಟ್ಟಿಲು ಎಷ್ಟಿದೆ? ವೆಬ್‌ಸೈಟ್‌ನಲ್ಲಿ ಇದ್ಯಾವುದೂ ಇರಲಿಲ್ಲ, ಹಸಿರು ಗುಡ್ಡದ ಫೋಟೋಗಳೇ ತುಂಬಿದ್ದವು. ಅಷ್ಟೂ ಉತ್ತರವನ್ನು ರೇಟಿನ ಕೆಳಗೆ ಬರೆದೆವು. ಕಡೆಯ ಒಂದು ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ಸಣ್ಣ ಕಾರು ಹತ್ತುವುದಿಲ್ಲ, ನಮ್ಮ ಜೀಪ್ ಬಂದು ಕರೆದುಕೊಂಡು ಬರುತ್ತದೆ ಅನ್ನುವುದನ್ನೂ ಮುಚ್ಚಿಡದೆ ಬರೆದೆವು. ಮನೆಯವರಿಗೆ ಮೊದಲು ಭಯವಿತ್ತು, ಇದನ್ನು ಓದಿ ಜನ ಬರುವುದೇ ಬಿಟ್ಟರೆ ಅಂತ. ಆಮೇಲೆ ಫೋನ್ ಕಡಿಮೆಯಾಯಿತು, ಬುಕಿಂಗ್ ಜಾಸ್ತಿಯಾಯಿತು. ಫೋನ್ ಮಾಡುವವರೂ ಎಲ್ಲ ಓದಿಕೊಂಡು, ಬರುವ ತಾರೀಖು ಹೇಳಲು ಮಾಡುತ್ತಿದ್ದರು.

ಕೊರಿಯರ್ ಖರ್ಚನ್ನು ದಯವಿಟ್ಟು ಕಡೆಯಲ್ಲಿ ತೋರಿಸಬೇಡಿ. ಕಾಲು ಕೆಜಿ ಪುಡಿ ಕಾರ್ಟ್‌ಗೆ ಹಾಕಿ, ಹೆಸರು ವಿಳಾಸ ಎಲ್ಲ ತುಂಬಿದ ಮೇಲೆ 'ಡೆಲಿವರಿ 80 ರೂಪಾಯಿ' ಅಂತ ಬಂದರೆ ನಾನೂ ಅಲ್ಲೇ ನಿಲ್ಲಿಸುತ್ತೇನೆ. ಡೆನ್ಮಾರ್ಕಿನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಆನ್‌ಲೈನ್ ಖರೀದಿಯನ್ನು ಬಹಳ ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಕಾರ್ಟ್‌ಗೆ ಹಾಕಿದವರಲ್ಲಿ ಸರಾಸರಿ ಶೇಕಡ 70ರಷ್ಟು ಮಂದಿ ಕೊಳ್ಳದೆ ಹೋಗುತ್ತಾರೆ, ಅದಕ್ಕೆ ಜನ ಹೇಳುವ ಕಾರಣಗಳಲ್ಲಿ ಮೊದಲನೆಯದು ಕಡೆಯಲ್ಲಿ ಸೇರುವ ಇಂಥ ಖರ್ಚು ಅಂತ ಅವರ ಲೆಕ್ಕ. ಖರ್ಚನ್ನು ಬೆಲೆಯಲ್ಲೇ ಸೇರಿಸಿ. ಇಲ್ಲದಿದ್ದರೆ 'ಒಂದು ಕೆಜಿ ತೆಗೆದುಕೊಂಡರೆ ಕೊರಿಯರ್ ಇಲ್ಲ' ಅಂತ ಮೊದಲೇ ಹೇಳಿ.

ಹಾಗೇ, ಇನ್ನೆರಡೇ ಪ್ಯಾಕೆಟ್ ಉಳಿದಿದೆ, ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ ಅಂತ ಸುಳ್ಳು ಗಡಿಯಾರ ಓಡಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ಮೋಸಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದೂ, ಬೆಲೆಯನ್ನು ಕಡೆಯಲ್ಲಿ ಏರಿಸುವುದೂ ಅದರಲ್ಲಿವೆ. ಕಾಯ್ದೆಯ ಮಾತು ಬಿಡಿ, ಪ್ರತಿ ತಿಂಗಳು ಪುಡಿ ಕೊಳ್ಳಬೇಕಾದ ಮನೆಯವರಿಗೆ ಮೊದಲ ಸಲವೇ ಸುಳ್ಳು ಹೇಳಿದರೆ ಅವರು ಮತ್ತೆ ಯಾಕೆ ಬರುತ್ತಾರೆ?

ನಂಬಿಕೆ ಹುಟ್ಟಿಸುವ ವಿಷಯಗಳನ್ನು ಮುಚ್ಚಿಡಬೇಡಿ. ಊರಿನ ಹೆಸರು, ಎತ್ತಿ ಮಾತಾಡುವ ಫೋನ್ ನಂಬರ್, ನಿಮ್ಮ ಮುಖ ಕಾಣುವ ಒಂದು ಫೋಟೋ, ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಟ್ಟ 14 ಅಂಕಿಯ ನಂಬರ್. 'ಚಿಕ್ಕಮಗಳೂರು ಅರೇಬಿಕಾ'ಕ್ಕೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇದೇ ಊರಿನ ಬೆಳೆ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಆ ಗುರುತು ಹಾಕುವ ಆಸೆ ಇದ್ದರೆ ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಂಡೇ ಹಾಕಿ.

ಇನ್ನು ಒಂದು ಪರೀಕ್ಷೆ. ನಿಮ್ಮ ಅತ್ತಿಗೆಗೋ ದೊಡ್ಡಮ್ಮನಿಗೋ ಫೋನ್ ಕೊಟ್ಟು, 'ಇದರಲ್ಲಿ ಅರ್ಧ ಕೆಜಿ ಪುಡಿ ಆರ್ಡರ್ ಮಾಡಿ' ಅಂತ ಹೇಳಿ. ಆಮೇಲೆ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಿ. ಅವರ ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂದೆ ಹೋಗುತ್ತದೆ ನೋಡಿ. ಅಕೌಂಟ್ ಮಾಡಿ, ಪಾಸ್‌ವರ್ಡ್ ಹಾಕಿ ಅನ್ನುವ ಕಡೆ ಖಂಡಿತ ನಿಲ್ಲುತ್ತದೆ, ಅದನ್ನು ತೆಗೆಸಿ. ಹೆಸರು, ಫೋನ್, ವಿಳಾಸ, ಪಿನ್‌ಕೋಡ್, ಯುಪಿಐ. ಇಷ್ಟು ಸಾಕು. ಪುಟ ತೆರೆಯಲು ತಡವಾದರೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿ ನೋಡಿ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ನಮ್ಮ ಕಡೆ ಬಹುತೇಕ ತಡ ಮಾಡುವುದು ಡ್ರೋನ್ ವಿಡಿಯೋ ಮತ್ತು ಚಿಕ್ಕದು ಮಾಡದ ಫೋಟೋಗಳು.

ವಾಟ್ಸಾಪ್ ಬಟನ್ ಇರಲಿ, ಆದರೆ ಸುಮ್ನೆ 'ಹಾಯ್' ಬರುವ ಹಾಗೆ ಬೇಡ. ಬಟನ್ ಒತ್ತಿದರೆ 'ಅರ್ಧ ಕೆಜಿ 80:20 ಪುಡಿ ಬೇಕು, ನನ್ನ ಪಿನ್‌ಕೋಡ್' ಅಂತ ಮೆಸೇಜ್ ಮೊದಲೇ ಟೈಪ್ ಆಗಿರುವ ಲಿಂಕ್ ಮಾಡಬಹುದು. ನಿಮ್ಮ ವೆಬ್‌ಸೈಟ್ ಮಾಡಿದವರಿಗೆ ಹೇಳಿದರೆ ಸ್ವಲ್ಪ ಹೊತ್ತಿನ ಕೆಲಸ. ತೋಟದಲ್ಲಿ ಸಿಗ್ನಲ್ ಸಿಗದಿದ್ದರೆ ಯಾವ ಹೊತ್ತಿಗೆ ಉತ್ತರ ಕೊಡುತ್ತೀರಿ ಅಂತ ವಾಟ್ಸಾಪ್ ಬಿಸಿನೆಸ್‌ನ ಆಟೋಮ್ಯಾಟಿಕ್ ಮೆಸೇಜ್‌ನಲ್ಲಿ ಬರೆದಿಡಿ.

ಕಾಫಿಪುಡಿಯಲ್ಲಿ ಲಾಭ ಇರುವುದು ಎರಡನೇ ಆರ್ಡರ್‌ನಲ್ಲಿ. ಮೊದಲ ಆರ್ಡರ್ ಆಡ್ ಖರ್ಚಿಗೇ ಹೋಗುತ್ತದೆ. ಪುಡಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಅಂತ ಆರ್ಡರ್ ಮಾಡುವಾಗಲೇ ಕೇಳಿ, ನೆನಪಿಸಲಾ ಅಂತಲೂ ಕೇಳಿ. ಹೌದು ಅಂದವರಿಗೆ ಖಾಲಿಯಾಗುವ ಎರಡು ದಿನ ಮುಂಚೆ 'ಕಳೆದ ಸಲದ್ದೇ ಕಳಿಸಲಾ?' ಅಂತ ಒಂದು ಸಾಲು ಹಾಕಿ. ವರ್ಷದಲ್ಲಿ ಮೂರು ನಾಲ್ಕು ಸಲ ತೋಟದ ಸುದ್ದಿಯನ್ನೂ ಕಳಿಸಿ. ಹೂಮಳೆ ಬಿದ್ದು ತೋಟ ಬೆಳ್ಳಗಾದಾಗ ಒಂದು ಫೋಟೋ, ಅರೇಬಿಕಾ ಕೊಯ್ಲಿನಲ್ಲಿ ಒಂದು, ಕಣದಲ್ಲಿ ಬೀಜ ಒಣಗುವಾಗ ಒಂದು. ಬೆಂಗಳೂರಿನ ಮನೆಯಲ್ಲಿ ಕೂತವರಿಗೆ ಇದನ್ನು ದೊಡ್ಡ ಕಂಪನಿ ಯಾವುದೂ ಕಳಿಸುವುದಿಲ್ಲ. ಅದಕ್ಕಿಂತ ಜಾಸ್ತಿ ಕಳಿಸಬೇಡಿ, ಸಾಕು ಅಂದವರ ನಂಬರನ್ನು ಅದೇ ದಿನ ಪಟ್ಟಿಯಿಂದ ತೆಗೆದುಬಿಡಿ.