ಅಗಲ ಪಾದಕ್ಕೆ ಉದ್ದದ ಸ್ಕೇಟ್ ಮದ್ದಲ್ಲ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಐಸ್ ಹಾಕಿ ಸ್ಕೇಟ್‌ನ ಅಗಲದ ಬಗ್ಗೆಯೇ ಇವೆ. ಆಟಗಾರರ ಕಾಲಿಗೆ ಸ್ಕೇಟ್ ಹೊಂದಿಸಿ ಕೊಡುವುದೇ ನನ್ನ ದಿನದ ಕೆಲಸ. ಹಾಗಾಗಿ ಇವು ನನಗೆ ತುಂಬ ಹತ್ತಿರದ ಪ್ರಶ್ನೆಗಳು. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಮಾತು ಸಾಕು.

ಪ್ರಶ್ನೆ: ನನ್ನ ಪಾದ ಅಗಲ. ಶೂ ಸೈಜ್ 9, ಸ್ಕೇಟ್ ಕೂಡ 9ರದ್ದೇ ತಗೊಂಡೆ. ಐಸ್ ಮೇಲೆ ಇಳಿದ ಸ್ವಲ್ಪ ಹೊತ್ತಿಗೆ ಕಿರುಬೆರಳಿನ ಕಡೆ ಉರಿ ಶುರುವಾಗುತ್ತದೆ, ಆಮೇಲೆ ಜೋಮು ಹಿಡಿಯುತ್ತದೆ. ಆದರೆ ಹಿಮ್ಮಡಿ ಒಳಗೆ ಎದ್ದೆದ್ದು ಕೂರುತ್ತದೆ. ಜೊತೆಯವರು ಇನ್ನೂ ಒಂದು ಸೈಜ್ ದೊಡ್ಡದು ತಗೋ ಅಂತಾರೆ. ತಗೊಳ್ಳಲಾ?

ಬೇಡ. ದಯವಿಟ್ಟು ಬೇಡ.

ಹಿಮ್ಮಡಿ ಏಳುತ್ತದೆ ಎಂದು ನೀವೇ ಬರೆದಿದ್ದೀರಿ. ಅಂದರೆ ನಿಮ್ಮ ಬೂಟು ಈಗಲೇ ಉದ್ದ ಜಾಸ್ತಿ. ಹಾಕಿ ಸ್ಕೇಟ್‌ನ ಸೈಜ್ ಸಾಮಾನ್ಯವಾಗಿ ಶೂ ಸೈಜ್‌ಗಿಂತ ಒಂದರಿಂದ ಒಂದೂವರೆ ಕಡಿಮೆ. 9ರ ಶೂ ಹಾಕುವವರು 7.5 ಅಥವಾ 8ರ ಸ್ಕೇಟ್‌ನಿಂದ ನೋಡಲು ಶುರು ಮಾಡಬೇಕು. ಇದು ಅಮೆರಿಕದ ಅಳತೆಯ ಲೆಕ್ಕ. ಗಂಡಸರ ಶೂ ಮೇಲೆ ಬ್ರಿಟನ್ ಅಳತೆ ಬರೆದಿದ್ದರೆ ಅದು ಸುಮಾರು ಒಂದು ಸೈಜ್ ಕಡಿಮೆ ತೋರಿಸುತ್ತದೆ, ಅದನ್ನೂ ನೋಡಿಕೊಳ್ಳಿ.

ಉದ್ದ ಇಷ್ಟು ಜಾಸ್ತಿ ಇದ್ದರೂ ಬದಿಯಲ್ಲಿ ಯಾಕೆ ಒತ್ತುತ್ತದೆ? ಪಾದದ ಅತಿ ಅಗಲದ ಜಾಗ ಬೆರಳುಗಳ ಬುಡ. ಬೂಟಿನಲ್ಲೂ ಅತಿ ಅಗಲದ ಜಾಗ ಒಂದಿರುತ್ತದೆ. ಇವೆರಡೂ ಒಂದರ ಎದುರಿಗೆ ಒಂದು ಬರಬೇಕು. ಉದ್ದದ ಬೂಟಿನಲ್ಲಿ ಆ ಅಗಲದ ಜಾಗ ಮುಂದಕ್ಕೆ ಹೋಗುತ್ತದೆ. ನಿಮ್ಮ ಪಾದದ ಅಗಲದ ಭಾಗ ಬೂಟಿನ ಸೊಂಟ ಕಿರಿದಾಗುವ ಕಡೆ ಬಂದು ಕೂರುತ್ತದೆ. ಒತ್ತದೆ ಇನ್ನೇನು ಮಾಡೀತು? ಜೊತೆಗೆ ಹಿಮ್ಮಡಿ ಏಳುವುದನ್ನು ತಡೆಯಲು ನೀವು ಲೇಸನ್ನು ಇನ್ನಷ್ಟು ಬಿಗಿ ಮಾಡುತ್ತಿರುತ್ತೀರಿ. ಆಗ ರಕ್ತ ಓಡಾಟಕ್ಕೂ ತಡೆ, ನರಕ್ಕೂ ಒತ್ತಡ. ಅದಕ್ಕೇ ಜೋಮು.

ಲೆಕ್ಕ ಹಾಕಿದರೂ ಇದು ನಷ್ಟದ ವ್ಯಾಪಾರ. ಒಂದು ಪೂರ್ತಿ ಸೈಜ್ ಮೇಲೆ ಹೋದರೆ ಉದ್ದ ಸುಮಾರು 8.5 ಮಿಲಿಮೀಟರ್ ಬೆಳೆಯುತ್ತದೆ. ಅಗಲ ಸಿಗುವುದು ಅದರಲ್ಲಿ ಚೂರೇ ಚೂರು. ಅಗಲ ಬೇಕಾದವರು ಅಗಲವನ್ನೇ ಕೇಳಬೇಕು. ಅದಕ್ಕೆ ಬೇರೆಯೇ ಅಳತೆ ಇದೆ.

ಬಾವರ್ ಕಂಪನಿಯ ಹಳೆಯ ಸ್ಕೇಟ್‌ಗಳ ಮೇಲೆ ಡಿ ಅಂತ ಇದ್ದರೆ ಸಾಮಾನ್ಯ ಅಗಲ, ಡಬಲ್ ಇ ಅಂತ ಇದ್ದರೆ ಹೆಚ್ಚು ಅಗಲ. ಈಗ ಅವರು ಫಿಟ್ 1, ಫಿಟ್ 2, ಫಿಟ್ 3 ಎಂದು ವಿಂಗಡಿಸುತ್ತಾರೆ. 1 ತೆಳ್ಳಗಿನ ಪಾದಕ್ಕೆ, 3 ಅಗಲವೂ ದಪ್ಪವೂ ಇರುವ ಪಾದಕ್ಕೆ. ಸಿಸಿಎಂ ಕಂಪನಿ ಟೇಪರ್ಡ್, ರೆಗ್ಯುಲರ್, ವೈಡ್ ಎನ್ನುತ್ತದೆ. ಒಂದು ಕಂಪನಿಯ ವೈಡ್ ಇನ್ನೊಂದರ ಫಿಟ್ 3ಕ್ಕೆ ಸರಿಸಮ ಅಂತ ಅಂದುಕೊಳ್ಳಬೇಡಿ. ಅಚ್ಚು ಬೇರೆ, ಆಕಾರ ಬೇರೆ. ಎರಡನ್ನೂ ಹಾಕಿಯೇ ನೋಡಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಅಗಲ ಪಾದ ಎಂದು ಬರುವವರಲ್ಲಿ ಅನೇಕರಿಗೆ ಅಗಲ ಇರುವುದು ಮುಂಭಾಗದಲ್ಲಿ ಮಾತ್ರ. ಹಿಮ್ಮಡಿ ಕಿರಿದಾಗಿರುತ್ತದೆ. ಅಗಲದ ಬೂಟಿನಲ್ಲಿ ಹಿಮ್ಮಡಿಯ ಜಾಗವೂ ದೊಡ್ಡದಾಗುತ್ತದೆ, ಪಾದದ ಮೇಲ್ಭಾಗದ ಆಳವೂ ಹೆಚ್ಚುತ್ತದೆ. ಅಂಥವರು ಹಿಮ್ಮಡಿಗೂ ಆಳಕ್ಕೂ ಸರಿಹೊಂದುವ ಬೂಟು ಆರಿಸಿ, ಮುಂಭಾಗವನ್ನು ಪಂಚ್ ಮಾಡಿಸಬೇಕು. ಅಂದರೆ ಒತ್ತುವ ಜಾಗವನ್ನು ಗುರುತು ಮಾಡಿ, ಅಲ್ಲಿಗೆ ಬಿಸಿ ಕೊಟ್ಟು, ಗುಂಡು ಮತ್ತು ಬಳೆಯಂಥ ಒತ್ತುಗೆಯಲ್ಲಿ ಸಿಕ್ಕಿಸಿ ಹೊರಗೆ ಉಬ್ಬಿಸುವುದು. ಮುಂಭಾಗವನ್ನು ಹೀಗೆ ಹಿಗ್ಗಿಸಬಹುದು. ದೊಡ್ಡದಾದ ಹಿಮ್ಮಡಿ ಜಾಗವನ್ನು ಕುಗ್ಗಿಸಲು ಇಂಥ ಉಪಾಯ ಇಲ್ಲ. ಹಾಗಾಗಿ ನಾನು ಯಾರಿಗೇ ಸ್ಕೇಟ್ ತೋರಿಸಲಿ, ಮೊದಲು ನೋಡುವುದು ಹಿಮ್ಮಡಿಯನ್ನು.

ಹೊಸ ಬೂಟನ್ನು ಬೇಕ್ ಮಾಡಿಸಿ ಎನ್ನುವುದೂ ನಿಜ. ಅದಕ್ಕಾಗಿಯೇ ಇರುವ ಒಲೆಯಲ್ಲಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವೇ ನಿಮಿಷ ಇಟ್ಟು ಮೆತ್ತಗೆ ಮಾಡುತ್ತಾರೆ. ನೀವು ಅದನ್ನು ತೊಟ್ಟು, ಲೇಸ್ ಕಟ್ಟಿ, ಆರುವ ತನಕ ಕೂತಿರಬೇಕು. ಎದ್ದು ಓಡಾಡುವಂತಿಲ್ಲ. ಆಮೇಲೆ 24 ಗಂಟೆ ಸ್ಕೇಟ್ ಮಾಡಬೇಡಿ. ಆದರೆ ಬೇಕ್ ಮಾಡಿಸಿದರೆ ಬೂಟು ಪಾದದ ಆಕಾರಕ್ಕೆ ಒಗ್ಗುತ್ತದೆ ಅಷ್ಟೇ. ತಪ್ಪು ಸೈಜು ಸರಿ ಸೈಜಾಗುವುದಿಲ್ಲ. ಹಾಕ್ತಾ ಹಾಕ್ತಾ ಸರಿಹೋಗುತ್ತೆ ಎಂಬ ಮಾತು ಚರ್ಮದ ಬೂಟುಗಳ ಕಾಲದ್ದು. ಇವತ್ತಿನ ಗಟ್ಟಿ ಕಾಂಪೋಸಿಟ್ ಬೂಟು ಹಾಗೆ ಹಿಗ್ಗುವುದಿಲ್ಲ. ಒಳಗಿನ ಫೋಮ್ ಸ್ವಲ್ಪ ಅಮುಕಿಕೊಳ್ಳುತ್ತದೆ, ಅಷ್ಟೇ. ಮೊದಲ ದಿನ ಬಿಗಿ ಇರಲಿ, ನೋವು ಇರಬಾರದು.

ಪ್ರಶ್ನೆ: ನಮ್ಮ ಸುತ್ತಮುತ್ತ ಸ್ಕೇಟ್ ಅಂಗಡಿಯೇ ಇಲ್ಲ. ತರಿಸಿಕೊಳ್ಳುವ ಮುಂಚೆ ಮನೆಯಲ್ಲೇ ಅಳೆಯುವುದು ಹೇಗೆ?

ಸಂಜೆ ಅಳೆಯಿರಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಆಡುವಾಗಲೂ ಹಾಗೇ ಇರುತ್ತದೆ. ಕಾಗದದ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ, ಹಿಮ್ಮಡಿ ಗೋಡೆಗೆ ತಾಗಿರಲಿ. ಕೂತು ಅಳೆದರೆ ಪಾದ ಹರಡಿಕೊಳ್ಳುವುದಿಲ್ಲ, ಅಗಲ ಕಡಿಮೆ ಬರುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಲು ಇನ್ನೊಬ್ಬರಿಗೆ ಹೇಳಿ, ನೀವೇ ಬಗ್ಗಿದರೆ ಭಾರ ಆಚೀಚೆ ಆಗುತ್ತದೆ. ಮೂರು ಅಳತೆ ಬರೆದಿಡಿ: ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತನಕ, ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗೆಣ್ಣಿನ ತನಕ, ಮತ್ತು ಬೆರಳುಗಳ ಬುಡದಲ್ಲಿ ಅಡ್ಡಕ್ಕೆ. ಎರಡೂ ಪಾದಕ್ಕೆ.

ಅಂಗಡಿಗಳಲ್ಲಿ ಪಾದ ಇಟ್ಟು ಅಳೆಯುವ ಲೋಹದ ಹಲಗೆ ನೋಡಿದ್ದೀರಲ್ಲ, ಅದು ಅಳೆಯುವುದೂ ಇದೇ ಮೂರನ್ನು. ಅಮೆರಿಕದ ಸಿರಾಕ್ಯೂಸ್‌ನ ಚಾರ್ಲ್ಸ್ ಬ್ರಾನಾಕ್ 1920ರ ದಶಕದಲ್ಲಿ ಮಾಡಿದ ಸಾಧನ ಅದು. ಇವತ್ತಿಗೂ ಅದನ್ನೇ ಬಳಸುತ್ತೇವೆ. ಎಲ್ಲಾದರೂ ಶೂ ಅಂಗಡಿಯಲ್ಲಿ ಅದು ಕಂಡರೆ ಪಾದ ಇಟ್ಟು ನೋಡಿ.

ಸ್ಕೇಟ್ ಕೈಗೆ ಬಂದ ಮೇಲೆ, ಬ್ಲೇಡಿಗೆ ಸಾಣೆ ಹಿಡಿಸುವ ಮುಂಚೆಯೇ ಪರೀಕ್ಷೆ ಮಾಡಿ. ಒಳಗಿನ ಇನ್ಸೋಲ್, ಅಂದರೆ ಅಂಗಾಲಿನ ಅಡಿಯ ಮೆತ್ತೆ, ಹೊರತೆಗೆದು ಅದರ ಮೇಲೆ ನಿಲ್ಲಿ. ಹಿಮ್ಮಡಿ ಹಿಂದಿನ ಅಂಚಿಗೆ ಸರಿಯಾಗಿರಲಿ. ಮುಂಭಾಗದಲ್ಲಿ ಪಾದ ಎರಡೂ ಕಡೆ ಇನ್ಸೋಲ್ ದಾಟಿ ಚೆನ್ನಾಗಿ ಹೊರಗೆ ಬಂದಿದ್ದರೆ ಆ ಬೂಟು ನಿಮಗೆ ಕಿರಿದು. ಎರಡೂ ಕಡೆ ಖಾಲಿ ಜಾಗ ಕಂಡರೆ ಅಗಲ ಜಾಸ್ತಿ. ಆಮೇಲೆ ಬೂಟು ತೊಟ್ಟು, ಹಿಮ್ಮಡಿಯನ್ನು ಹಿಂದಕ್ಕೆ ಒದ್ದು ಕೂರಿಸಿ, ಲೇಸ್ ಕಟ್ಟಿ, ನಿಲ್ಲಿ. ನೆಟ್ಟಗೆ ನಿಂತಾಗ ಬೆರಳ ತುದಿ ಬೂಟಿನ ಮುಂತುದಿಯ ಗಟ್ಟಿ ಟೋಪಿಗೆ ಮೆಲ್ಲನೆ ಸವರಬೇಕು. ಮಂಡಿ ಬಗ್ಗಿಸಿದರೆ ಬೆರಳು ಹಿಂದಕ್ಕೆ ಬಂದು ಬಿಡುವಾಗಬೇಕು. ಲೇಸ್ ತೂತುಗಳ ಎರಡು ಸಾಲನ್ನೂ ನೋಡಿ. ಅವುಗಳ ನಡುವೆ ಸುಮಾರು ಒಂದೂವರೆಯಿಂದ ಎರಡು ಇಂಚು ಅಂತರ ಇದ್ದು, ಸಾಲುಗಳು ಹೆಚ್ಚುಕಡಿಮೆ ಸಮವಾಗಿ ಹೋಗಿದ್ದರೆ ಒಳ್ಳೆಯದು. ಸಾಲುಗಳು ಹತ್ತಿರ ಬಂದು ಮುಟ್ಟುವಂತಿದ್ದರೆ ಒಳಗೆ ಜಾಗ ಜಾಸ್ತಿಯಾಗಿದೆ.

ಪ್ರಶ್ನೆ: ಅಗಲ ಸರಿಯಾಗಿದೆ, ಉದ್ದವೂ ಸರಿ. ಆದರೂ ಪಾದದ ಮೇಲ್ಭಾಗ, ಲೇಸ್ ಬರುವ ಕಡೆ, ಸಿಕ್ಕಾಪಟ್ಟೆ ನೋವು. ಯಾಕೆ?

ನಿಮ್ಮದು ಅಗಲದ ಸಮಸ್ಯೆ ಅಲ್ಲ, ಆಳದ್ದು. ಲೇಸ್ ಬಿಚ್ಚಿ, ಲೇಸಿನ ಅಡಿಯಲ್ಲಿರುವ ನಾಲಿಗೆಯಂಥ ಟಂಗನ್ನು ಮುಂದಕ್ಕೆ ಎಳೆದು, ಮೇಲಿನಿಂದ ಮೂರನೆಯ ತೂತುಗಳ ಮೇಲೆ ಅಡ್ಡಲಾಗಿ ಒಂದು ಪೆನ್ಸಿಲ್ ಇಡಿ. ಅದು ಪಾದಕ್ಕೆ ತಾಗದೆ ಎರಡೂ ಅಂಚಿನ ಮೇಲೆ ಚಪ್ಪಟೆಯಾಗಿ ಕೂತರೆ ಆಳ ಸಾಕು. ಪಾದ ಅದನ್ನು ಮೇಲಕ್ಕೆ ಎತ್ತಿ ಹಿಡಿದರೆ ಬೂಟು ನಿಮಗೆ ಆಳ ಸಾಲದು. ಪಂಚ್ ಮಾಡಿ ಆಳ ಹೆಚ್ಚಿಸಲು ಆಗುವುದಿಲ್ಲ, ಹೆಚ್ಚು ಆಳದ ಮಾದರಿಗೇ ಹೋಗಬೇಕು. ಸದ್ಯಕ್ಕೆ ನೋವಿರುವ ಕಡೆಯ ಒಂದು ತೂತನ್ನು ಬಿಟ್ಟು ಲೇಸ್ ಹಾಕಿ, ಸ್ವಲ್ಪ ಹಗುರ ಆಗುತ್ತದೆ. ಪೆನ್ಸಿಲ್ ಚಪ್ಪಟೆಯಾಗಿಯೇ ಕೂತಿದೆ, ಆದರೂ ನೋವು ಅಂದರೆ ಲೇಸನ್ನು ಅಲ್ಲಿ ಅತಿ ಬಿಗಿ ಕಟ್ಟುತ್ತಿದ್ದೀರಿ, ಇಲ್ಲವೇ ಟಂಗ್ ಸವೆದು ತೆಳುವಾಗಿದೆ.

ಪ್ರಶ್ನೆ: ನನ್ನದು ಉಲ್ಟಾ ಕಥೆ. ಪಾದ ತೆಳ್ಳಗೆ, ಸಿಕ್ಕಿದ ಸ್ಕೇಟ್ ಅಗಲ. ಎರಡು ಜೊತೆ ದಪ್ಪ ಸಾಕ್ಸ್ ಹಾಕಿ ತುಂಬಿಸಿಕೊಂಡಿದ್ದೇನೆ. ಅಂಗಾಲು ಹಿಡಿದುಕೊಳ್ಳುತ್ತದೆ.

ಅಂಗಾಲು ಹಿಡಿದುಕೊಳ್ಳುವುದು ಸಹಜ. ಬೂಟು ಪಾದವನ್ನು ಹಿಡಿದಿಲ್ಲ, ಅದಕ್ಕೇ ಪಾದವೇ ಬೂಟನ್ನು ಹಿಡಿಯಲು ನೋಡುತ್ತಿದೆ. ಬೆರಳು ಮಡಚಿ ಮಡಚಿ ಅಂಗಾಲಿನ ಸ್ನಾಯು ದಣಿಯುತ್ತದೆ. ಸಾಕ್ಸ್ ದಪ್ಪ ಮಾಡಿದಷ್ಟೂ ಪಾದ ಅದರೊಳಗೇ ಜಾರುತ್ತದೆ, ಬೊಬ್ಬೆ ಏಳುತ್ತದೆ, ಬ್ಲೇಡಿನ ಅಂಚು ಕಾಲಿಗೆ ಗೊತ್ತೇ ಆಗುವುದಿಲ್ಲ. ಕೆನಡಾದ ಹೆಸರಾಂತ ಐಸ್ ಹಾಕಿ ಆಟಗಾರ ಬಾಬಿ ಆರ್ ಸಾಕ್ಸ್ ಇಲ್ಲದೆ ಬರಿಗಾಲಲ್ಲೇ ಸ್ಕೇಟ್ ತೊಟ್ಟು ಆಡುತ್ತಿದ್ದರು. ನೀವೂ ಹಾಗೆ ಮಾಡಿ ಅಂತ ಹೇಳುತ್ತಿಲ್ಲ, ಆದರೆ ಪಾದ ಮತ್ತು ಬೂಟಿನ ನಡುವೆ ಏನೂ ಇಲ್ಲದಷ್ಟು ಹತ್ತಿರ ಅವರಿಗೆ ಬೇಕಿತ್ತು, ಅಲ್ವಾ? ತೆಳುವಾದ ಒಂದೇ ಜೊತೆ ಸಾಕ್ಸ್ ಹಾಕಿ. ಅಂಗಾಲಿನ ಕಮಾನಿಗೆ ಆಸರೆ ಕೊಡುವ ದಪ್ಪ ಇನ್ಸೋಲ್ ಹಾಕಿದರೆ ಒಳಗಿನ ಜಾಗವೂ ಸ್ವಲ್ಪ ತುಂಬುತ್ತದೆ. ಆದರೆ ಪಾದ ಒಳಗೆ ಪಕ್ಕಕ್ಕೆ ವಾಲುತ್ತಿದ್ದರೆ ಆ ಸ್ಕೇಟ್ ಮಾರಿಬಿಡಿ. ಕಿರಿದಾದ ಫಿಟ್ ತಗೊಳ್ಳಿ. ಪಾದದ ಕೀಲಿಗೆ ಪೆಟ್ಟಾದರೆ ವಾಸಿಯಾಗಲು ತುಂಬ ಕಾಲ ಬೇಕು.

ಪ್ರಶ್ನೆ: ನನ್ನ ಬಲಪಾದ ಎಡಕ್ಕಿಂತ ಅಗಲ. ಯಾವುದನ್ನು ಲೆಕ್ಕಕ್ಕೆ ಹಿಡಿಯಲಿ?

ಇದು ಬಹಳ ಜನಕ್ಕೆ ಇದ್ದದ್ದೇ. ಉದ್ದಕ್ಕೆ ದೊಡ್ಡ ಪಾದ ನೋಡಿ. ಅಗಲದ ವ್ಯತ್ಯಾಸ ಸಣ್ಣದಿದ್ದರೆ ಎಡಪಾದದ ಅಗಲಕ್ಕೆ ಸರಿಯಾದ ಬೂಟು ತಗೊಂಡು ಬಲಗಾಲಿನದ್ದನ್ನು ಮಾತ್ರ ಪಂಚ್ ಮಾಡಿಸಿ. ವ್ಯತ್ಯಾಸ ತುಂಬ ದೊಡ್ಡದಾದರೆ ಎರಡೂ ಪಾದ ಸ್ಕ್ಯಾನ್ ಮಾಡಿ ಹೊಲಿಸಿದಂತೆ ತಯಾರಿಸಿ ಕೊಡುವ ಸ್ಕೇಟ್‌ಗಳಿವೆ, ಟ್ರೂ ಕಂಪನಿ ಅದಕ್ಕೆ ಹೆಸರುವಾಸಿ. ಖರ್ಚು ಜಾಸ್ತಿ. ಪಂಚ್‌ನಿಂದ ಕೆಲಸ ಆಗುವಾಗ ಅಷ್ಟು ದೂರ ಹೋಗಬೇಕಿಲ್ಲ.

ಪ್ರಶ್ನೆ: ಮಗಳಿಗೆ ಎಂಟು ವರ್ಷ. ಪಾದ ಅಗಲ, ಬೆಳೆಯುತ್ತಲೂ ಇದೆ. ಎರಡು ಸೈಜ್ ದೊಡ್ಡದು ಕೊಡಿಸಿದರೆ ಎರಡು ವರ್ಷ ಬಂದೀತಾ?

ಬೂಟು ಬಂದೀತು, ಆದರೆ ಅವಳ ಆಟ ಹಿಂದೆ ಬೀಳುತ್ತದೆ. ಸಡಿಲ ಬೂಟಿನಲ್ಲಿ ಕಾಲು ಒಳಕ್ಕೆ ವಾಲುತ್ತದೆ. ಮಗು ಬ್ಲೇಡಿನ ಅಂಚಿನ ಮೇಲೆ ನಿಲ್ಲುವುದನ್ನೇ ಕಲಿಯುವುದಿಲ್ಲ. ನೋಡುವವರು ಮಗುವಿನ ಕಾಲಲ್ಲಿ ಬಲ ಇಲ್ಲ ಅಂತಾರೆ. ಬಲ ಇರುತ್ತದೆ, ಬೂಟು ಸರಿ ಇರುವುದಿಲ್ಲ. ಎಷ್ಟೋ ಮಕ್ಕಳ ವಿಷಯದಲ್ಲಿ ಇದನ್ನು ಕಂಡು ನನಗೆ ಸಂಕಟವಾಗಿದೆ.

ಬೆಳವಣಿಗೆಗೆ ಅರ್ಧ ಸೈಜ್ ಬಿಡಿ, ಅದಕ್ಕಿಂತ ಹೆಚ್ಚು ಬೇಡ. ಲೇಸ್ ಬಿಚ್ಚಿ, ಪಾದವನ್ನು ಮುಂದಕ್ಕೆ ತಳ್ಳಿ, ಹಿಮ್ಮಡಿಯ ಹಿಂದೆ ನಿಮ್ಮ ಒಂದು ಬೆರಳು ಹಾಕಿ ನೋಡಿ. ಒಂದೇ ಬೆರಳು ಹಿಡಿದರೆ ಸರಿ, ಎರಡು ಬೆರಳು ಸಲೀಸಾಗಿ ಹೋದರೆ ಬೂಟು ದೊಡ್ಡದು. ಅಗಲಕ್ಕೆ ಅಗಲದ ಫಿಟ್ಟನ್ನೇ ಕೊಡಿಸಿ. ಹಣ ಉಳಿಸಬೇಕಾದರೆ ಬೇರೆ ಮಗು ಬಳಸಿ ಬಿಟ್ಟ, ಸರಿಯಾದ ಸೈಜಿನ ಸ್ಕೇಟ್ ಹುಡುಕಿ. ಮಕ್ಕಳ ಪಾದ ಬೇಗ ಬೆಳೆಯುವುದರಿಂದ ಅಂಥವು ಹೆಚ್ಚು ಸವೆದಿರುವುದಿಲ್ಲ. ಕೊಳ್ಳುವಾಗ ಕೀಲಿನ ಭಾಗವನ್ನು ಎರಡೂ ಕಡೆಯಿಂದ ಹಿಸುಕಿ ನೋಡಿ. ಸುಮ್ನೆ ಮಡಚಿಕೊಂಡರೆ ಬಿಟ್ಟುಬಿಡಿ. ಇನ್ಸೋಲ್ ತೆಗೆದು ಅದರ ಮೇಲೆ ಮಗಳನ್ನು ನಿಲ್ಲಿಸುವ ಪರೀಕ್ಷೆಯನ್ನು ಆಟದ ಕಾಲದಲ್ಲಿ ತಿಂಗಳಿಗೊಮ್ಮೆ ಮಾಡುತ್ತಿರಿ.