ಸೆಪ್ಟಿಕ್ ಟ್ಯಾಂಕ್ ಬಿಟ್ಟು ಯುಜಿಡಿಗೆ ಸೇರುವ ಖರ್ಚು ಕಲಬುರಗಿಯಲ್ಲಿ ಯಾರ ಲೆಕ್ಕ?

ನೀವು ಕೇಳಿದ್ದು ಇದು: ಜೇವರ್ಗಿ ರಸ್ತೆ ಕಡೆಯ ಬಡಾವಣೆಯಲ್ಲಿ ಮನೆ, ಓಣಿಯಲ್ಲಿ ಈಗ ಭೂಗತ ಒಳಚರಂಡಿ (ಯುಜಿಡಿ) ಪೈಪ್ ಹಾಕುತ್ತಿದ್ದಾರೆ, ಮನೆಯಲ್ಲಿ ಹಳೆಯ ಸೆಪ್ಟಿಕ್ ಟ್ಯಾಂಕ್ ಇದೆ. ಅದನ್ನು ಬಿಟ್ಟು ಸಾರ್ವಜನಿಕ ಲೈನಿಗೆ ಸೇರಲು ಸರ್ಕಾರದ ದುಡ್ಡು ಸಿಗುತ್ತದೆಯೇ, ಸಿಗದಿದ್ದರೆ ಎಲ್ಲಿ ಉಳಿಸಬಹುದು?

ಓಣಿಯ ಪೈಪಿಗೆ ಸರ್ಕಾರದ ದುಡ್ಡಿದೆ. ನಿಮ್ಮ ಕಂಪೌಂಡಿನ ಒಳಗಿನ ಪೈಪು ಸಾಮಾನ್ಯವಾಗಿ ನಿಮ್ಮದೇ ಖರ್ಚು. ಇವೆರಡರ ನಡುವೆ, ಮ್ಯಾನ್‌ಹೋಲಿನಿಂದ ನಿಮ್ಮ ಗೇಟಿನವರೆಗಿನ ನಾಲ್ಕೈದು ಮೀಟರ್ ಯಾರ ಲೆಕ್ಕ ಎಂಬುದೇ ನಿಜವಾದ ಪ್ರಶ್ನೆ. ಕೆಲಸ ನಡೆಯುತ್ತಿರುವಾಗಲೇ ಅದನ್ನು ಇತ್ಯರ್ಥ ಮಾಡಿಕೊಳ್ಳಿ. ರಸ್ತೆಗೆ ಡಾಂಬರು ಬಿದ್ದ ಮೇಲೆ ಅದೇ ನಾಲ್ಕೈದು ಮೀಟರಿಗೆ ರಸ್ತೆ ಅಗೆತದ ಶುಲ್ಕ, ಮತ್ತೆ ಮುಚ್ಚುವ ಖರ್ಚು ಎರಡೂ ನಿಮ್ಮ ತಲೆಗೆ ಬರುತ್ತವೆ.

ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿದ್ದರೆ ಕಚೇರಿಯಲ್ಲಿ ಮಾತಾಡುವುದು ಸುಲಭ. ಕಲಬುರಗಿ, ಬೀದರ್ ಎರಡೂ ಅಮೃತ್ ನಗರಗಳು, ಅಂದರೆ ನಗರಗಳ ನೀರು, ಒಳಚರಂಡಿಗೆ ಕೇಂದ್ರ ಹಣ ಕೊಡುವ ಯೋಜನೆಯಲ್ಲಿ ಸೇರಿದ ಊರುಗಳು. 2021ರ ಅಕ್ಟೋಬರ್ 1ರಂದು ಆರಂಭವಾದ ಅಮೃತ್ 2.0ರಲ್ಲಿ ಒಳಚರಂಡಿಗೆ ಹಣ ಇಟ್ಟಿದ್ದು ಮೊದಲ ಅಮೃತ್‌ನ 500 ನಗರಗಳಿಗೆ. ಜನಸಂಖ್ಯೆ 1 ಲಕ್ಷದಿಂದ 10 ಲಕ್ಷದೊಳಗಿನ ನಗರಕ್ಕೆ ಕೇಂದ್ರದ ಪಾಲು ಮೂರರಲ್ಲೊಂದು, ಉಳಿದದ್ದು ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯದು. ಯಾದಗಿರಿಯಂಥ ಲಕ್ಷದೊಳಗಿನ ಊರಿಗೆ ಕೊಳಚೆ ನೀರಿನ ನಿರ್ವಹಣೆಯ ಹಣ ಸ್ವಚ್ಛ ಭಾರತ ಮಿಷನ್ (ನಗರ) 2.0ರ ಕಡೆಯಿಂದ ಬರುವಂತೆ ಮಾಡಿದ್ದಾರೆ. ಕೆಲಸ ಮಾಡಿಸುವುದು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಮುಗಿದ ಮೇಲೆ ಲೈನು ಪಾಲಿಕೆಯ ಕೈಗೆ ಹೋಗುತ್ತದೆ. ಹಾಗಾಗಿ ಓಣಿ ಅಗೆದಿರುವಾಗ ಮಂಡಳಿಯ ಎಂಜಿನಿಯರ್ ಹತ್ತಿರ ಹೋಗಿ, ಹಸ್ತಾಂತರ ಆದ ಮೇಲೆ ಪಾಲಿಕೆಯ ವಲಯ ಕಚೇರಿಗೆ ಹೋಗಿ. ಇದು ತಿಳಿಯದೆ ಜನ ಎರಡೂ ಕಡೆ ಸುಮ್ಮನೆ ಅಲೆಯುತ್ತಾರೆ.

ಎಂಜಿನಿಯರ್‌ಗೆ ಕೇಳಬೇಕಾದದ್ದು: ಅಂದಾಜುಪಟ್ಟಿಯಲ್ಲಿ ಮನೆ ಸಂಪರ್ಕ ಸೇರಿದೆಯೇ, ಸೇರಿದ್ದರೆ ಎಲ್ಲಿಯವರೆಗೆ? ಸೇರಿದ್ದರೆ ಗುತ್ತೇದಾರ ನಿಮ್ಮ ಕಂಪೌಂಡ್ ಗೋಡೆಯ ಹತ್ತಿರ ಒಂದು ಚೇಂಬರ್ (ಪೈಪುಗಳು ಕೂಡುವ ಮುಚ್ಚಳದ ತೊಟ್ಟಿ) ಬಿಟ್ಟು ಹೋಗಬೇಕು, ಅದಕ್ಕೆ ನೀವು ಮತ್ತೆ ಕೈಯಿಂದ ಕೊಡಬೇಕಾಗಿಲ್ಲ. ಬಾಯಿಮಾತಿನ ಉತ್ತರ ಸಾಕಾಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಓಣಿಯ ಅಂದಾಜುಪಟ್ಟಿಯ ಪ್ರತಿ ಕೇಳಿ. ಬಿಪಿಎಲ್ ಕುಟುಂಬಕ್ಕೆ ಆ ಶುಲ್ಕವೂ ಇಲ್ಲ. ಉತ್ತರಕ್ಕೆ 30 ದಿನ ಬೇಕಾಗಬಹುದು, ಆದ್ದರಿಂದ ಜೆಸಿಬಿ ಓಣಿಗೆ ಬರುವ ಮೊದಲೇ ಅರ್ಜಿ ಹಾಕುವುದು ಲೇಸು. ಪಕ್ಕದ ಓಣಿಗೆ ಲೈನೇ ಬಂದಿಲ್ಲ ಎಂದಾದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕೆಲಸ ಸೇರಿಸಿ ಎಂದು ಅಲ್ಲಿನವರು ಒಟ್ಟಾಗಿ ಶಾಸಕರಿಗೆ ಮನವಿ ಕೊಡಬಹುದು. ಅದು ಸಾರ್ವಜನಿಕ ಕಾಮಗಾರಿಗೆ ಮಾತ್ರ, ಒಬ್ಬರ ಮನೆಯ ಪೈಪಿಗೆ ಅಲ್ಲ.

ಇನ್ನು ಮನೆಯವರಿಗೇ ನೇರವಾಗಿ ಸಿಗುವ ನೆರವು. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25ನ್ನು ಇತರ ಬಡವರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡುತ್ತವೆ. ಇದರ ವೈಯಕ್ತಿಕ ಸೌಲಭ್ಯಗಳಲ್ಲಿ ಮನೆಗೆ ಒಳಚರಂಡಿ ಸಂಪರ್ಕವನ್ನೂ ಸೇರಿಸಿಕೊಳ್ಳಲು ಬರುತ್ತದೆ. ಆದರೆ ಆ ವರ್ಷದ ಕ್ರಿಯಾ ಯೋಜನೆಯಲ್ಲಿ ಆ ಬಾಬು ಇದ್ದರೆ ಮಾತ್ರ ದುಡ್ಡು. ಆರ್ಥಿಕ ವರ್ಷದ ಆರಂಭದಲ್ಲೇ ವಾರ್ಡಿನವರು ಸೇರಿ ಲಿಖಿತ ಬೇಡಿಕೆ ಕೊಡಬೇಕು, ಆಮೇಲೆ ಪ್ರಕಟಣೆ ಹೊರಟಾಗ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡ್, ಖಾತಾ, ಚಾಲ್ತಿ ವರ್ಷದ ತೆರಿಗೆ ರಸೀದಿ, ಆಧಾರ್, ಪಾಸ್‌ಬುಕ್ ಪ್ರತಿ ಸಿದ್ಧ ಇಟ್ಟುಕೊಳ್ಳಿ. ಮಂಜೂರಿಗೆ ಮುಂಚೆ ಕೆಲಸ ಮುಗಿಸಿ ಬಿಲ್ಲು ಹಿಡಿದು ಹೋಗಬೇಡಿ, ಮುಗಿದ ಕೆಲಸಕ್ಕೆ ಹಣ ವಾಪಸ್ ಬರುತ್ತದೆಂದು ನಂಬಿ ಕೂಡುವಂತಿಲ್ಲ. ತೆರಿಗೆ ಬಾಕಿ ಇದ್ದರೆ ಸಂಪರ್ಕದ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ, ಆ ದುಡ್ಡು ಪೈಪಿಗಾಗುತ್ತದೆ. ಈ ಯಾವ ವರ್ಗಕ್ಕೂ ಸೇರದವರಿಗೆ ಸ್ವಸಹಾಯ ಸಂಘದ ಸಾಲ ಒಂದು ದಾರಿ. ನಾಲ್ಕು ಮನೆಯವರು ಒಪ್ಪಿ ಒಂದೇ ದಿನ ಅಗೆಸಿದರೆ ಕೂಲಿ, ಜೆಸಿಬಿ ಬಾಡಿಗೆ ಹಂಚಿಹೋಗುತ್ತದೆ. ನನ್ನ ಮಟ್ಟಿಗೆ ಸಾಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ.

ದುಡ್ಡು ಹೆಚ್ಚು ಹಾಳಾಗುವುದು ಮಟ್ಟದ ಲೆಕ್ಕ ತಪ್ಪಿದಾಗ. ಡಾಂಬರಿನ ಮೇಲೆ ಡಾಂಬರು ಬಿದ್ದು ನಮ್ಮ ಓಣಿಗಳು ಎತ್ತರವಾಗಿವೆ, ಹಳೆಯ ಮನೆಗಳು ತಗ್ಗಿನಲ್ಲಿ ಉಳಿದಿವೆ. ಮುಂಗಡ ಕೊಡುವ ಮೊದಲು ಗೌಂಡಿಯ ನೀರಿನ ಟ್ಯೂಬಿನಿಂದ ಎರಡು ಮಟ್ಟ ಅಳೆಸಿ: ಸಂಡಾಸದ ಪೈಪು ಮನೆಯಿಂದ ಹೊರಬರುವ ತಳ, ಗೇಟಿನ ಚೇಂಬರಿನ ತಳ. 110 ಮಿ.ಮೀ. ಪೈಪಿಗೆ 60 ಸೆಂ.ಮೀ. ಓಟಕ್ಕೆ 1 ಸೆಂ.ಮೀ. ಇಳಿಜಾರು ಬೇಕು, ಅಂದರೆ 12 ಮೀಟರಿಗೆ 20 ಸೆಂ.ಮೀ. 160 ಮಿ.ಮೀ. ಪೈಪು ಆದರೆ ನೂರಕ್ಕೊಂದು ಸಾಕು, 12 ಮೀಟರಿಗೆ 12 ಸೆಂ.ಮೀ. ಮಟ್ಟ ಬಿಗಿಯಾಗಿರುವಲ್ಲಿ ದೊಡ್ಡ ಪೈಪಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ಇಳಿಜಾರೇ ಸಿಗದಿದ್ದರೆ ಮಳೆಗಾಲದಲ್ಲಿ ಲೈನು ತುಂಬಿದಾಗ ಓಣಿಯ ಹೊಲಸು ನಿಮ್ಮ ಬಚ್ಚಲಿನಲ್ಲಿ ಮೇಲೆದ್ದು ಬರುತ್ತದೆ. ಅಂಥ ಮನೆಗೆ ಕೊನೆಯ ಚೇಂಬರಿನಲ್ಲಿ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಲೇಬೇಕು.

ಪೈಪು ಭೂಗತ ಒಳಚರಂಡಿಗೆಂದೇ ಬರುವ ಯುಪಿವಿಸಿ ಆಗಿರಲಿ, ಮೇಲೆ ಐಎಸ್ 15328 ಎಂಬ ಗುರುತು ನೋಡಿ ತನ್ನಿ. ಮಳೆನೀರಿನ ತೆಳು ಪೈಪನ್ನು ಕಡಿಮೆ ದರಕ್ಕೆ ಹಾಕಿಸಿದರೆ ಗಾಡಿ ಓಡಾಡುವ ಕಡೆ ಚಪ್ಪಟೆಯಾಗುತ್ತದೆ. ತಿರುವು ಇರುವಲ್ಲೆಲ್ಲ ಚೇಂಬರ್ ಬೇಕು. ಒಳಗೆ 60 × 60 ಸೆಂ.ಮೀ., ಆಳ 75 ಸೆಂ.ಮೀ., ಒಂಬತ್ತು ಇಂಚಿನ ಗೋಡೆ ಎಂದರೆ ಒಂದಕ್ಕೆ ಸುಮಾರು 280 ಇಟ್ಟಿಗೆ, ಗಿಲಾಯಿ ಸೇರಿ ಎರಡೂವರೆ–ಮೂರು ಚೀಲ ಸಿಮೆಂಟ್ ಹಿಡಿಯುತ್ತದೆ. ಅಡುಗೆಮನೆ, ಬಚ್ಚಲ ನೀರು ಗಲ್ಲಿ ಟ್ರ್ಯಾಪ್ (ಒಳಗೆ ಸ್ವಲ್ಪ ನೀರು ನಿಂತು ವಾಸನೆ ತಡೆಯುವ ಬಾಗಿದ ಕೊಳವೆ) ದಾಟಿ ಚೇಂಬರಿಗೆ ಬರಬೇಕು, ಇಲ್ಲದಿದ್ದರೆ ಲೈನಿನ ದುರ್ವಾಸನೆ, ಜಿರಳೆ ಮನೆಗೆ ಬರುತ್ತವೆ. ಸಂಡಾಸದ ಪೈಪು ನೇರ ಚೇಂಬರಿಗೆ.

ಎರೆ ಮಣ್ಣಿನ ಜಾಗದಲ್ಲಿ ಇನ್ನೊಂದು ಎಚ್ಚರ. ಬೇಸಿಗೆಯಲ್ಲಿ ಆ ನೆಲ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅಗೆದ ಎರೆ ಮಣ್ಣನ್ನೇ ಪೈಪಿನ ಸುತ್ತ ತುಂಬಿದರೆ ಎರಡು ಮಳೆಗಾಲದೊಳಗೆ ಜೋಡಣೆ ಬಿಟ್ಟುಕೊಂಡು ಇಳಿಜಾರು ಕೆಡುತ್ತದೆ. ಪೈಪಿನ ಕೆಳಗೆ 15 ಸೆಂ.ಮೀ., ಮೇಲೆ 15 ಸೆಂ.ಮೀ. ಮರಳು ಅಥವಾ ಜರಡಿ ಹಿಡಿದ ಗರಸು ಹಾಕಿಸಿ. 45 ಸೆಂ.ಮೀ. ಅಗಲದ 12 ಮೀಟರ್ ಕಾಲುವೆಗೆ ಇದು ಸುಮಾರು ಮುಕ್ಕಾಲು ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಗುತ್ತೇದಾರರ ಅಂದಾಜಿನಲ್ಲಿ ಈ ಬಾಬು ಬಹುತೇಕ ಇರುವುದಿಲ್ಲ, ನೀವೇ ಬರೆಸಬೇಕು. ಕೆಳಗೆ ಬಂಡೆ ಸಿಕ್ಕರೆ ಬ್ರೇಕರ್ ಗಂಟೆ ಲೆಕ್ಕದಲ್ಲಿ ಓಡುತ್ತದೆ, ಆ ದರವನ್ನೂ ಮುಂಚೆಯೇ ಕಾಗದದ ಮೇಲೆ ಮಾಡಿಕೊಳ್ಳಿ.

ಖರ್ಚು ಕಡಿಮೆ ಮಾಡಲು ಹಲವರು ಸೆಪ್ಟಿಕ್ ಟ್ಯಾಂಕ್ ಹಾಗೇ ಇಟ್ಟು ಅದರ ಹೊರಹರಿವನ್ನಷ್ಟೇ ಲೈನಿಗೆ ಜೋಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟ್ಯಾಂಕಿನ ಕೆಸರು ಎರಡು ಮೂರು ವರ್ಷಕ್ಕೊಮ್ಮೆ ತೆಗೆಸುವುದು ತಪ್ಪುವುದಿಲ್ಲ, ಯುಜಿಡಿ ಶುಲ್ಕವನ್ನೂ ಕಟ್ಟುತ್ತೀರಿ, ಕೊಳೆತ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಮ್ಯಾನ್‌ಹೋಲಿನ ಸಿಮೆಂಟನ್ನೇ ತಿನ್ನುತ್ತದೆ. ಹೊಸ ಪೈಪು ಟ್ಯಾಂಕಿನ ಪಕ್ಕದಿಂದ ಹೋಗಲಿ. ಹಳೆಯದನ್ನು ಸಕ್ಕಿಂಗ್ ಗಾಡಿಯಿಂದ ಖಾಲಿ ಮಾಡಿಸಿ, ಮೇಲಿನ ಫರ್ಸಿ ತೆಗೆದು, ಸುಣ್ಣ ಹಾಕಿ, ತಳವನ್ನು ಮೇಲಿಂದಲೇ ಬ್ರೇಕರ್‌ನಿಂದ ಒಡೆಸಿ, ಗರಸು ತುಂಬಿ ನೀರು ಹೊಡೆದು ಕೂಡಿಸಿ. 2 ಮೀಟರ್ ಉದ್ದ, 1 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಟ್ಯಾಂಕಿಗೆ ಸುಮಾರು ಒಂದೂಕಾಲು ಬ್ರಾಸ್ ಗರಸು ಬೇಕು. ಖಾಲಿ ಬಿಟ್ಟರೆ ಹಳೆಯ ಫರ್ಸಿ ಮುರಿದು ಮಕ್ಕಳು, ದನಗಳು ಬೀಳುವ ಅಪಾಯ ಇದೆ.

ಖಾಲಿ ಮಾಡುವಾಗ ಯಾರನ್ನೂ ಒಳಗೆ ಇಳಿಸಬೇಡಿ. 'ಐದು ನಿಮಿಷದ ಕೆಲಸ' ಎಂದು ಅವರೇ ಹೇಳಿದರೂ ಬೇಡ. ಟ್ಯಾಂಕಿನ ಗಾಳಿ ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಉಳಿಯುವುದಿಲ್ಲ. ರಕ್ಷಣಾ ಸಾಧನ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ಇಂಥ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿದೆ.

ಮಾಳಿಗೆಯ ಮಳೆನೀರನ್ನು ಈ ಲೈನಿಗೆ ಬಿಡಬೇಡಿ. ಓಣಿಯ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೊಂದು ದೊಡ್ಡ ಕಾರಣ.

ಕಾಲುವೆ ಮುಚ್ಚುವ ಮೊದಲು ಗೇಟಿನ ಚೇಂಬರಿನ ಬಾಯಿಗೆ ಬಿರಡೆ ಹಾಕಿ ಪೈಪಿನಲ್ಲಿ ನೀರು ತುಂಬಿಸಿ, ಒಂದು ತಾಸು ಬಿಟ್ಟು ಮಟ್ಟ ಇಳಿದಿದೆಯೇ ನೋಡಿ. ಇಳಿದರೆ ಯಾವುದೋ ಜೋಡಣೆ ಸೋರುತ್ತಿದೆ. ಗುತ್ತೇದಾರರಿಗೆ ಪೂರ್ತಿ ದುಡ್ಡು ಆ ಪರೀಕ್ಷೆಯ ನಂತರವೇ ಕೊಡಿ. ಪಾಲಿಕೆಯ ರಸೀದಿ ಮತ್ತು ಸಂಪರ್ಕ ಸಂಖ್ಯೆ ಕೈಗೆ ಬಂದಿರಲಿ, ಅದಿಲ್ಲದ ಜೋಡಣೆಯನ್ನು ಅನಧಿಕೃತ ಎಂದು ಪರಿಗಣಿಸಿ ದಂಡ ಹಾಕಬಹುದು.