ಕವೆಂಟ್ರಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆ?

ಪ್ರಶ್ನೆ: ಮಗನ ಮನೆಗೆಂದು ಇಂಗ್ಲೆಂಡಿನ ಕವೆಂಟ್ರಿಗೆ ಹೋಗಿದ್ದೆ. ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಇಂಗ್ಲಿಷ್ ಸಂಗೀತ ರಚನೆಕಾರ ಬೆಂಜಮಿನ್ ಬ್ರಿಟ್ಟನ್ ಅವರ ‘ವಾರ್ ರೆಕ್ವಿಯಂ’ ಕೇಳಿಸಲು ಕರೆದುಕೊಂಡು ಹೋದ. ಮುಗಿದ ಮೇಲೆ ತುಂಬಾ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅಳುತ್ತಿದ್ದರು. ನಾನು ಕ್ರೈಸ್ತಳಲ್ಲ, ಲ್ಯಾಟಿನ್ ಬರುವುದಿಲ್ಲ, ಆದರೂ ಕಣ್ಣು ತುಂಬಿತು. ಸೊಸೆಗೆ ಮಾತ್ರ ಬೇಜಾರಾಯಿತಂತೆ. ‘ಜನರನ್ನು ಅಳಿಸೋಕೆ ಅಂತಲೇ ಮಾಡಿದ್ದು’ ಎಂದಳು. ನಮ್ಮಿಬ್ಬರಲ್ಲಿ ಯಾರು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕೂತಿದ್ದ ಜಾಗದಿಂದಲೇ ಶುರು ಮಾಡೋಣ. ಆ ಕಟ್ಟಡದ ಪಕ್ಕದಲ್ಲಿ ಸೂರಿಲ್ಲದ ಹಳೆಯ ಚರ್ಚಿನ ಗೋಡೆಗಳನ್ನು ನೋಡಿರುತ್ತೀರಿ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಹಾಕಿದ ಬಾಂಬಿಗೆ ಅದು ಸುಟ್ಟುಹೋಯಿತು. ಆ ಒಂದೇ ರಾತ್ರಿ ಊರಿನಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಪಾಳು ಗೋಡೆಗಳನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಕಟ್ಟಿದರು. ಅದರ ಉದ್ಘಾಟನೆಯ ಸಂಭ್ರಮಕ್ಕೆ ಬ್ರಿಟ್ಟನ್ ಬರೆದ ಕೃತಿ ಇದು. ಮೊದಲ ಸಲ ಹಾಡಿದ್ದು 1962ರ ಮೇ 30ರಂದು, ಅದೇ ಕಟ್ಟಡದಲ್ಲಿ. ಚಪ್ಪಾಳೆ ಬೇಡ ಎಂದು ಅವತ್ತೇ ಕೇಳಿಕೊಂಡಿದ್ದರು. ಯುದ್ಧ ಮುಗಿದು ಹದಿನೇಳು ವರ್ಷವಷ್ಟೇ ಆಗಿತ್ತು. ಮನೆಯವರನ್ನು ಕಳೆದುಕೊಂಡವರು ಆ ಸಾಲುಗಳಲ್ಲೇ ಕೂತಿದ್ದರು.

ಕೇಳುಗರ ಮಾತು ಬಿಡಿ, ಹಾಡಿದವರೇ ತಡೆದುಕೊಳ್ಳಲಿಲ್ಲ. ಇಂಗ್ಲೆಂಡಿನ ಪೀಟರ್ ಪಿಯರ್ಸ್ ಟೆನರ್ (ಗಂಡಸರ ಎತ್ತರದ ದನಿ), ಜರ್ಮನಿಯ ಡೀಟ್ರಿಶ್ ಫಿಷರ್-ಡೀಸ್ಕೌ ಬ್ಯಾರಿಟೋನ್ (ಗಂಡಸರ ನಡು ದನಿ). ಫಿಷರ್-ಡೀಸ್ಕೌ ಹುಡುಗನಾಗಿದ್ದಾಗಲೇ ಹಿಟ್ಲರನ ಸೈನ್ಯಕ್ಕೆ ಎಳೆಯಲ್ಪಟ್ಟು, ಇಟಲಿಯಲ್ಲಿ ಸೆರೆ ಸಿಕ್ಕಿದ್ದವರು. ಅಂಗವೈಕಲ್ಯವಿದ್ದ ಅವರ ಸೋದರನನ್ನು ನಾಜಿಗಳು ಉಪವಾಸ ಕೆಡವಿ ಕೊಂದಿದ್ದರು. ಹಾಡು ಮುಗಿದಾಗ ಮುಖ ಎಲ್ಲಿ ಮುಚ್ಚಿಕೊಳ್ಳಲಿ ಎಂದೇ ತಿಳಿಯಲಿಲ್ಲ, ಸತ್ತ ಗೆಳೆಯರೆಲ್ಲ ಕಣ್ಣ ಮುಂದೆ ಬಂದರು ಎಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಅವರನ್ನು ಕೂತಲ್ಲಿಂದ ಎಬ್ಬಿಸಿಕೊಂಡು ಹೋಗಲು ಪಿಯರ್ಸ್ ಕಷ್ಟಪಟ್ಟರಂತೆ. ಸೊಪ್ರಾನೊ (ಹೆಂಗಸರ ಎತ್ತರದ ದನಿ) ಭಾಗ ಬರೆದದ್ದು ರಷ್ಯದ ಗಲೀನಾ ವಿಷ್ನೆವ್‌ಸ್ಕಯಾ ಅವರಿಗಾಗಿ. ಸೋವಿಯತ್ ಸರ್ಕಾರ ಕಳಿಸಲಿಲ್ಲ. ಕೊನೇ ಗಳಿಗೆಯಲ್ಲಿ ಹೆದರ್ ಹಾರ್ಪರ್ ಕಲಿತು ಹಾಡಿದರು.

ಇನ್ನು ಲ್ಯಾಟಿನ್. ರೆಕ್ವಿಯಂ ಅಂದರೆ ತೀರಿಕೊಂಡವರಿಗಾಗಿ ಕ್ಯಾಥೊಲಿಕರು ಮಾಡುವ ಪೂಜೆ, ಅದರ ಪಾಠ ಲ್ಯಾಟಿನ್. ಬ್ರಿಟ್ಟನ್ ಅದರ ನಡುನಡುವೆ ವಿಲ್‌ಫ್ರೆಡ್ ಓವನ್ ಎಂಬ ಸೈನಿಕ ಕವಿಯ ಒಂಬತ್ತು ಇಂಗ್ಲಿಷ್ ಕವಿತೆಗಳನ್ನು ಇಟ್ಟರು. ಓವನ್ 1918ರ ನವೆಂಬರ್ 4ರಂದು, ಮೊದಲ ಮಹಾಯುದ್ಧ ನಿಲ್ಲಲು ಒಂದೇ ವಾರ ಇರುವಾಗ, ಗುಂಡೇಟಿಗೆ ಸತ್ತ. ಆಗ ಅವನಿಗೆ ಇಪ್ಪತ್ತೈದು. ಕೊನೇ ಸಲ ಮನೆ ಬಿಟ್ಟು ಹೊರಟಾಗ ತಾಯಿಗೆ ಅವನು ಹೇಳಿದ್ದು ಟ್ಯಾಗೋರರ ಗೀತಾಂಜಲಿಯ ಸಾಲುಗಳನ್ನು. 1920ರಲ್ಲಿ ಆ ತಾಯಿಯೇ ಟ್ಯಾಗೋರರಿಗೆ ಕಾಗದ ಬರೆದು ಇದನ್ನು ತಿಳಿಸಿದರು. ಈ ಸಂಗತಿ ಹೇಳುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಕಾಲದಲ್ಲಿ ನಾನು ಒಂದು ಹವ್ಯಾಸಿ ಕೋರಸ್‌ನ ಆಲ್ಟೊ (ಹೆಂಗಸರ ತಗ್ಗಿನ ದನಿ) ಸಾಲಿನಲ್ಲಿ ನಿಂತು ಇದನ್ನು ಹಾಡಿದ್ದೇನೆ. ಓವನ್ನನ ಕವಿತೆಗಳನ್ನು ಹಾಡುವುದು ಇಬ್ಬರೇ ಗಂಡಸರು, ಹನ್ನೆರಡು ಜನರ ಸಣ್ಣ ವಾದ್ಯಮೇಳದ ಜೊತೆ. ಆಗ ಕೋರಸ್‌ಗೆ ಕೆಲಸವಿಲ್ಲ. ನಮ್ಮೆದುರಿಗೇ ಕೇಳುಗರ ಮುಖಗಳು. ಎಲ್ಲರ ತೊಡೆ ಮೇಲೂ ಸಾಹಿತ್ಯ ಅಚ್ಚಾದ ಪುಸ್ತಿಕೆ. ಪುಟದ ಕೊನೆಗೆ ಬಂದಾಗ ಇಡೀ ಸಭಾಂಗಣ ಒಟ್ಟಿಗೇ ಪುಟ ಮಗುಚುವ ಸರಸರ ಸದ್ದು ಕೇಳುತ್ತದೆ.

ಅಬ್ರಹಾಮನ ಭಾಗದಲ್ಲಿ ಮಾತ್ರ ಆ ಸದ್ದು ಬರಲಿಲ್ಲ. ಬೈಬಲಿನ ಕತೆ ನಿಮಗೂ ಗೊತ್ತಿರಬಹುದು. ಮಗನನ್ನು ಬಲಿ ಕೊಡಲು ಅಪ್ಪ ಕತ್ತಿ ಎತ್ತುತ್ತಾನೆ. ದೇವದೂತ ತಡೆಯುತ್ತಾನೆ, ಬದಲಿಗೆ ಟಗರನ್ನು ಕೊಡು ಎನ್ನುತ್ತಾನೆ. ಓವನ್ನನ ಕವಿತೆಯಲ್ಲಿ ಮುದುಕ ಆ ಮಾತು ಕೇಳುವುದಿಲ್ಲ. ಮಗನನ್ನು ಕೊಲ್ಲುತ್ತಾನೆ. ಆಮೇಲೆ ಯುರೋಪಿನ ಅರ್ಧ ಸಂತಾನವನ್ನೂ, ಒಬ್ಬೊಬ್ಬರನ್ನಾಗಿ. ‘ಒಬ್ಬೊಬ್ಬರನ್ನಾಗಿ’ ಎಂಬುದನ್ನು ಆ ಇಬ್ಬರು ಮತ್ತೆ ಮತ್ತೆ ಹಾಡುವಾಗಲೇ, ದೂರದಿಂದ ಹುಡುಗರ ದನಿಗಳು ದೇವರಿಗೆ ಕಾಣಿಕೆ ಒಪ್ಪಿಸುವ ಲ್ಯಾಟಿನ್ ಪ್ರಾರ್ಥನೆ ಹಾಡುತ್ತವೆ. ಎರಡನೇ ಸಾಲಿನಲ್ಲಿ ಒಬ್ಬ ಹೆಂಗಸು ಪುಸ್ತಿಕೆಯ ಪುಟವನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಮಗುಚಲೇ ಇಲ್ಲ. ಆ ಭಾಗ ಮುಗಿಯುವವರೆಗೂ ಪುಟ ಅರ್ಧಕ್ಕೆ ನಿಂತಿತ್ತು.

ನಿಮಗೆ ಅಳು ಬಂದಿದ್ದು ಬಹುಶಃ ಕೊನೆಯ ಕವಿತೆಯಲ್ಲಿ, ಅಲ್ವಾ? ಸತ್ತ ಇಬ್ಬರು ಸೈನಿಕರು ಕತ್ತಲ ಸುರಂಗದಲ್ಲಿ ಎದುರಾಗುತ್ತಾರೆ. ‘ನೀನು ಕೊಂದ ಶತ್ರು ನಾನೇ, ಗೆಳೆಯ’ ಎಂದು ಒಬ್ಬ ಹೇಳುತ್ತಾನೆ. 1962ರಲ್ಲಿ ಇದನ್ನು ಜರ್ಮನ್ ಗಾಯಕ ಇಂಗ್ಲಿಷ್ ಗಾಯಕನಿಗೆ ಹಾಡಿದ, ಅದೂ ಜರ್ಮನ್ನರು ಸುಟ್ಟ ಚರ್ಚಿನ ಪಕ್ಕದಲ್ಲಿ. ಈ ದುಃಖಕ್ಕೆ ಜಾತಿ ಧರ್ಮ ಏನು ಬಂತು?

ಅದು ಮುಗಿದ ಮೇಲೆ ಕೋರಸ್ ಒಂದೇ ಉಳಿಯುತ್ತದೆ, ವಾದ್ಯವಿಲ್ಲದೆ. ಗಂಟೆಗಳು ಎರಡು ಸ್ವರ ಬಾರಿಸುತ್ತವೆ. ಆ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಇಡೀ ಕೃತಿಯ ಉದ್ದಕ್ಕೂ ಕಾಡುವ ಜೋಡಿ ಅದು. ನಾವು ಉಸಿರು ಬಿಗಿಹಿಡಿದು, ಅತಿ ಮೆಲ್ಲಗೆ, ಶ್ರುತಿ ಇಳಿಯದಂತೆ ಹಾಡಬೇಕು. ತೀರಾ ಕೊನೆಯ ಸ್ವರಮೇಳದಲ್ಲಿ ಆ ಬಿಗಿತ ಸಡಿಲವಾಗುತ್ತದೆ. ಇದೇ ಸಾಲು ಮುಂಚೆ ಎರಡು ಸಲ ಬಂದಿರುತ್ತದೆ. ಮೂರನೇ ಸಲಕ್ಕೆ ಅದನ್ನು ನಂಬುವುದು ಕಷ್ಟ. ಇಷ್ಟೆಲ್ಲ ಆದ ಮೇಲೆ ಶಾಂತಿ ನಿಜವಾಗಿ ಬಂತಾ ಅಂತ ಅನುಮಾನ ಉಳಿಯುತ್ತದೆ. ಚಪ್ಪಾಳೆ ಬೀಳದಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಸಂಗೀತವೇ ‘ಮುಗಿಯಿತು’ ಎಂದು ಗಟ್ಟಿಯಾಗಿ ಹೇಳುವುದಿಲ್ಲ.

ಸೊಸೆಗೆ ಬೇಜಾರಾಯಿತು ಅಂದಿರಲ್ಲ, ಅದನ್ನು ತಪ್ಪೆನ್ನಲಾರೆ. ಎಂಬತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ಕೂರಬೇಕು. ಆ ಕಟ್ಟಡದಲ್ಲಿ ದನಿ ಕಲಸಿಹೋಗುತ್ತದೆ, ಹಿಂದೆ ಕೂತರೆ ಮಾತು ಕೇಳಿಸುವುದೇ ಇಲ್ಲ. ‘ಅಳಿಸೋಕೆ ಮಾಡಿದ್ದು’ ಎಂಬ ದೂರೂ ಹೊಸದಲ್ಲ. ರಷ್ಯ ಮೂಲದ ಹೆಸರಾಂತ ಸಂಗೀತ ರಚನೆಕಾರ ಸ್ಟ್ರಾವಿನ್‌ಸ್ಕಿಯೇ, ಕರವಸ್ತ್ರ ರೆಡಿ ಇಟ್ಟುಕೊಳ್ಳಿ ಎಂಬ ಧಾಟಿಯಲ್ಲಿ ಇದನ್ನು ಕುಟುಕಿದ್ದರು. ನಾನು ಒಪ್ಪುವುದಿಲ್ಲ. ಅಳಿಸುವುದೇ ಉದ್ದೇಶವಾಗಿದ್ದರೆ ಬ್ರಿಟ್ಟನ್ ಅಬ್ರಹಾಮನ ಆ ಕವಿತೆಯನ್ನು ಪ್ರಾರ್ಥನೆಯ ನಡುವೆ ತಂದು ನಿಲ್ಲಿಸುತ್ತಿರಲಿಲ್ಲ. ಅಲ್ಲಿ ಅಳುವುದಕ್ಕಿಂತ ಕೋಪ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ ಮನುಷ್ಯ ಅವರು. ಆ ಕೋಪ ಅವರದೇ.

ಪ್ರಶ್ನೆ: ಹಾಗಾದರೆ ರೆಕ್ವಿಯಂಗೆ ಚಪ್ಪಾಳೆ ತಟ್ಟುವುದು ಅಗೌರವವೇ? ನಾನು ಚರ್ಚಿನಲ್ಲಿ ಹಾಡುವವನು.
– ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ಅಲ್ಲ. ಇಟಲಿಯ ಸಂಗೀತ ರಚನೆಕಾರ ವೆರ್ದಿ ತಮ್ಮ ರೆಕ್ವಿಯಂ ಬರೆದದ್ದು ಸಾಹಿತಿ ಮಾಂಜೋನಿಯವರ ನೆನಪಿಗೆ. ಅವರು ತೀರಿಕೊಂಡ ವರ್ಷಕ್ಕೆ ಸರಿಯಾಗಿ, 1874ರ ಮೇ 22ರಂದು, ಮಿಲಾನಿನ ಸಾನ್ ಮಾರ್ಕೊ ಚರ್ಚಿನಲ್ಲಿ ಹಾಡಿಸಿದರು. ಚರ್ಚು, ಹಾಗಾಗಿ ಚಪ್ಪಾಳೆ ಇಲ್ಲ. ಮೂರು ದಿನದ ಮೇಲೆ ಅದೇ ಕೃತಿ ಲಾ ಸ್ಕಾಲಾ ಎಂಬ ಒಪೆರಾ ಮಂದಿರದಲ್ಲಿ. ಅಲ್ಲಿ ಜನ ಚಪ್ಪಾಳೆ ಹೊಡೆದು, ಕೂಗಿ, ಕೆಲವು ಭಾಗಗಳನ್ನು ಮತ್ತೊಮ್ಮೆ ಹಾಡಿಸಿದರು. ಎರಡೂ ಕಡೆ ವೆರ್ದಿಯೇ ಮುಂದೆ ನಿಂತು ಕೈಸನ್ನೆಯಲ್ಲಿ ನಡೆಸಿಕೊಟ್ಟರು. ಎರಡೂ ಗೌರವವೇ. ಒಂದೇ ಮಾತು: ನಡೆಸಿಕೊಡುವವರ ಕೈ ಕೆಳಗಿಳಿಯುವವರೆಗೆ ತಡೆಯಿರಿ. ಕೈ ಮೇಲಿರುವಾಗಲೇ ಒಬ್ಬರು ಚಪ್ಪಾಳೆ ಶುರು ಮಾಡಿದರೆ ಹಾಡುವ ನಮಗೆ ಎಷ್ಟು ಸಂಕಟ ಅನ್ನೋದು ನಿಮಗೂ ಗೊತ್ತಿರುತ್ತದೆ.

ಪ್ರಶ್ನೆ: ‘ವಾರ್ ರೆಕ್ವಿಯಂ’ ಮನೆಯಲ್ಲೇ ಕೇಳಬೇಕು. ಎಲ್ಲಿಂದ ಶುರು ಮಾಡಲಿ?
– ಕಾಲೇಜು ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: 1963ರ ಡೆಕ್ಕಾ ಕಂಪನಿಯ ಧ್ವನಿಮುದ್ರಣ ಹುಡುಕು. ಬ್ರಿಟ್ಟನ್ ಅವರೇ ನಡೆಸಿಕೊಟ್ಟದ್ದು. ಅಷ್ಟರಲ್ಲಿ ವಿಷ್ನೆವ್‌ಸ್ಕಯಾಗೆ ಅನುಮತಿ ಸಿಕ್ಕಿತ್ತು. ರಷ್ಯ, ಇಂಗ್ಲೆಂಡ್, ಜರ್ಮನಿ, ಮೂರೂ ದನಿ ಅದರಲ್ಲಿವೆ. ಐದೇ ತಿಂಗಳಲ್ಲಿ ಎರಡು ಲಕ್ಷ ಪ್ರತಿ ಮಾರಾಟವಾಯಿತು. ಮೊದಲು ಓವನ್ನನ ಆ ಒಂಬತ್ತು ಕವಿತೆ ಓದಿಕೋ, ಜಾಲತಾಣಗಳಲ್ಲಿ ಸುಲಭವಾಗಿ ಸಿಗುತ್ತವೆ. ಎಂಬತ್ತು ನಿಮಿಷ ಒಟ್ಟಿಗೆ ಕೂರಲು ಆಗದಿದ್ದರೆ ಅಬ್ರಹಾಮನ ಕವಿತೆ ಇರುವ ಮೂರನೇ ಭಾಗ ಒಂದನ್ನೇ ಕೇಳು. ಮೊಬೈಲಿನ ಸ್ಪೀಕರ್ ಸಾಲದು, ಇಯರ್‌ಫೋನ್ ಹಾಕಿಕೋ. ಇಲ್ಲದಿದ್ದರೆ ದೂರದ ಹುಡುಗರ ದನಿ ಕೇಳಿಸುವುದೇ ಇಲ್ಲ.